ಆ ಸನ್ಯಾಸಿಯ 34 ವರ್ಷ ದಂಡವಾಯಿತಾ?

ಪ್ರಶ್ನೆ: ‘ಓಸ್ತ್ರೋವ್’ ಸಿನಿಮಾ ನೋಡಿದೆ. ಕೊಂದೆ ಅಂದುಕೊಂಡವನು ಬದುಕೇ ಇದ್ದ ಅಂತ ಕೊನೆಯಲ್ಲಿ ಗೊತ್ತಾಗುತ್ತದೆ. ಹಾಗಾದರೆ ಅಷ್ಟು ವರ್ಷ ಅತ್ತಿದ್ದೆಲ್ಲ ಸುಮ್ನೆ ದಂಡ ಅಲ್ವಾ?

ಉತ್ತರ: ಕಥೆಯ ಗುಟ್ಟನ್ನು ನೀವೇ ಒಡೆದಿದ್ದೀರಿ. ಇನ್ನು ಮುಚ್ಚಿಡುವುದೇನೂ ಇಲ್ಲ.

ಸಿನಿಮಾ ನೋಡದವರಿಗೆ ಎರಡು ಮಾತು. 2006ರಲ್ಲಿ ಪಾವೆಲ್ ಲುಂಗಿನ್ ತೆಗೆದ ರಷ್ಯನ್ ಚಿತ್ರವಿದು. 1942ರಲ್ಲಿ ಕಲ್ಲಿದ್ದಲು ಸಾಗಿಸುವ ದೋಣಿಯೊಂದು ಜರ್ಮನ್ನರ ಕೈಗೆ ಸಿಗುತ್ತದೆ. ದೋಣಿಯಲ್ಲಿ ಕೆಲಸಕ್ಕಿದ್ದ ಅನಾತೊಲಿಗೆ, ನಿನ್ನ ಕಪ್ತಾನನಿಗೆ ಗುಂಡು ಹೊಡೆದರೆ ಬಿಡುತ್ತೇವೆ ಅನ್ನುತ್ತಾರೆ. ಅನಾತೊಲಿ ಹೊಡೆಯುತ್ತಾನೆ. ಕಪ್ತಾನ ತಿಖೋನ್ ಸಮುದ್ರಕ್ಕೆ ಬೀಳುತ್ತಾನೆ. ಅನಾತೊಲಿಯನ್ನು ಸನ್ಯಾಸಿಗಳು ದಡದಿಂದ ಎತ್ತಿ ಉಳಿಸುತ್ತಾರೆ. 1976ರಲ್ಲೂ ಅವನು ಅದೇ ಮಠದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿರುತ್ತಾನೆ. ಬಿಳಿ ಸಮುದ್ರದ ದಡ, ಹಿಮ, ಹಲಗೆಯ ದಾರಿಯಲ್ಲಿ ಉರುಳುವ ಕೈಗಾಡಿ, ಅದನ್ನು ತಳ್ಳುವ ಮಸಿ ಮೆತ್ತಿದ ಮುದುಕ. ಪಾಪ ಮಾಡಿದ್ದು ಕಲ್ಲಿದ್ದಲ ದೋಣಿಯಲ್ಲಿ, ಬಾಳು ಸವೆಸಿದ್ದೂ ಕಲ್ಲಿದ್ದಲಲ್ಲೇ.

ಈಗ ನಿಮ್ಮ ಪ್ರಶ್ನೆ. ನಾವು ಪ್ರಾಯಶ್ಚಿತ್ತ ಅಂದರೆ ಸಾಲ ತೀರಿಸಿದ ಹಾಗೆ ಅಂದುಕೊಳ್ಳುತ್ತೇವೆ. ಸಾಲವೇ ಇರಲಿಲ್ಲ ಅಂದರೆ ಕಟ್ಟಿದ ಕಂತು ವ್ಯರ್ಥ. ಆ ಮಠದವರು ನಂಬುವ ಆರ್ಥೊಡಾಕ್ಸ್ ಕ್ರೈಸ್ತ ಪಂಥದ ಲೆಕ್ಕ ಬೇರೆ. ಅವರ ಗ್ರೀಕ್ ಪದ ‘ಮೆಟನೋಯಿಯಾ’, ಅಂದರೆ ಮನಸ್ಸು ತಿರುಗುವುದು. ಅನಾತೊಲಿ ಜೀವಭಯಕ್ಕೆ ಗುಂಡು ಹಾರಿಸಿದ್ದು ನಿಜ. ತಿಖೋನ್ ಬದುಕಿದ್ದರಲ್ಲಿ ಇವನ ಪುಣ್ಯ ಒಂದು ಚೂರೂ ಇಲ್ಲ. ತಮಾಷೆ ಏನೆಂದರೆ, ಪಾಪಕ್ಕೆ ಗ್ರೀಕಿನಲ್ಲಿರುವ ‘ಹಮಾರ್ತಿಯಾ’ ಪದದ ಹಳೆಯ ಅರ್ಥವೇ ಗುರಿ ತಪ್ಪುವುದು!

ಪಾಪ ನಿವೇದನೆಯ ರೀತಿಯಲ್ಲೂ ಇದು ಕಾಣುತ್ತದೆ. ಶಿಲುಬೆ, ಸುವಾರ್ತೆ ಪುಸ್ತಕದ ಮುಂದೆ ನಿಂತು ದೇವರಿಗೆ ಹೇಳಬೇಕು. ಪಾದ್ರಿ ಪಕ್ಕದಲ್ಲಿ ಬರೀ ಸಾಕ್ಷಿ. ಆಮೇಲೆ ವಿಧಿಸುವ ಉಪವಾಸ, ಪ್ರಾರ್ಥನೆಯನ್ನು ಔಷಧಿ ಅನ್ನುತ್ತಾರೆ, ಶಿಕ್ಷೆ ಅನ್ನುವುದಿಲ್ಲ. ಕಣ್ಣೀರಂತೂ ಅವರಿಗೆ ವರ. ‘ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು’ ಅನ್ನುವ ಒಂದೇ ಸಾಲನ್ನು, ನಾವು ನಾಮ ಜಪಿಸುವ ಹಾಗೆ, ಉಸಿರಿನ ಜೊತೆ ಹೇಳುತ್ತಲೇ ಇರುತ್ತಾರೆ.

ಅನಾತೊಲಿ ಹೀಗೆ ಬದುಕಿದ್ದಕ್ಕೇ ಜನ ಕಷ್ಟ ಹೇಳಿಕೊಂಡು ಅವನ ಹತ್ತಿರ ಬರುತ್ತಾರೆ. ತಿಖೋನ್ ಬರುವುದೂ ಹಾಗೇ, ಕಾಯಿಲೆಯ ಮಗಳನ್ನು ಕರೆದುಕೊಂಡು. ಆ ವರ್ಷಗಳು ದಂಡವಾಗಿದ್ದರೆ ಆ ಹುಡುಗಿ ಗುಣವಾಗುತ್ತಿರಲಿಲ್ಲ.

ಅನಾತೊಲಿ ಪಾತ್ರದ ಪ್ಯೋತ್ರ್ ಮಾಮೊನೊವ್ ಮೊದಲು ರಾಕ್ ಗಾಯಕ. ನಡುವಯಸ್ಸಿನಲ್ಲಿ ದೇವರ ಕಡೆ ತಿರುಗಿದವರು. ಅದಕ್ಕೇ ಇರಬೇಕು, ಪ್ರಾರ್ಥನೆಯ ದೃಶ್ಯದಲ್ಲಿ ನಟನೆ ಅನಿಸುವುದೇ ಇಲ್ಲ.

ಇನ್ನೊಮ್ಮೆ ನೋಡಿದರೆ ಒಂದು ಗಮನಿಸಿ. ತಾನು ಕೊಂದಿಲ್ಲ ಅಂತ ಗೊತ್ತಾದ ಮೇಲೂ ಅವನು ಮಠ ಬಿಟ್ಟು ಹೊರಡುವುದಿಲ್ಲ. ಮಸಿ ಬಟ್ಟೆ ಕಳಚಿ, ಬಿಳಿ ಅಂಗಿ ತೊಟ್ಟು, ಶವಪೆಟ್ಟಿಗೆಯಲ್ಲಿ ತಾನೇ ಮಲಗುತ್ತಾನೆ.