ಸಕ್ಕರೆಯಿಂದ ಶುಗರ್ ಹುಟ್ಟಿತೇ?

ಪ್ರಶ್ನೆ: ಇಂಗ್ಲಿಷಿನ ‘ಶುಗರ್’ ನಮ್ಮ ‘ಸಕ್ಕರೆ’ಯಿಂದಲೇ ಬಂದದ್ದು ಅನ್ನುತ್ತಾರೆ, ನಿಜವೇ?

ಎರಡೂ ಒಂದೇ ಮನೆಯವು, ಆದರೆ ತಾಯಿ-ಮಗಳಲ್ಲ, ದಾಯಾದಿಗಳು. ಮೂಲದಲ್ಲಿರುವುದು ಸಂಸ್ಕೃತದ ‘ಶರ್ಕರಾ’. ಅದರ ಹಳೆಯ ಅರ್ಥ ಸಿಹಿಗೆ ಸಂಬಂಧಿಸಿದ್ದೇ ಅಲ್ಲ: ನೊರಜುಗಲ್ಲು, ಹರಳು. ಕಬ್ಬಿನ ಹಾಲು ಕಾದು ಗಟ್ಟಿಯಾದಾಗ ಕೂರುವ ಹರಳು ಹಾಗೆಯೇ ಕಂಡಿದ್ದರಿಂದ ಆ ಹೆಸರು ಅದಕ್ಕೂ ಅಂಟಿತು. ಪ್ರಸಾದದ ಕಲ್ಲುಸಕ್ಕರೆಯನ್ನು ಕಚ್ಚದೆ ಬಾಯಲ್ಲಿಟ್ಟುಕೊಂಡು ನೋಡಿ, ಅದರ ಅಂಚು ನಾಲಿಗೆಯನ್ನು ತರಚುತ್ತದೆ. ಹೆಸರಿಟ್ಟವರು ಕಂಡದ್ದು ಆ ಒರಟನ್ನೇ. ‘ಕಲ್ಲುಸಕ್ಕರೆ’ ಅನ್ನುವಾಗ ನಾವು ಗೊತ್ತಿಲ್ಲದೆ ಎರಡು ಸಲ ‘ಕಲ್ಲು’ ಅನ್ನುತ್ತಿರುತ್ತೇವೆ!

ಪ್ರಾಕೃತದ ಬಾಯಲ್ಲಿ ‘ಧರ್ಮ’ ‘ಧಮ್ಮ’ವಾದಂತೆ ‘ಶರ್ಕರಾ’ ‘ಸಕ್ಕರಾ’ ಆಯಿತು. ಕನ್ನಡದ ‘ಸಕ್ಕರೆ’ ಆ ದಾರಿಯದು. ಇನ್ನೊಂದು ಕವಲು ಪಡುವಣಕ್ಕೆ ಹೋಯಿತು. ಪರ್ಷಿಯನ್ನರ ‘ಶಕರ್’, ಅರಬರ ‘ಸುಕ್ಕರ್’. ಅರಬರು ಸಿಸಿಲಿ, ಸ್ಪೇನ್‌ಗಳಲ್ಲಿ ಕಬ್ಬು ನೆಟ್ಟರು; ಬೆಳೆಯ ಜೊತೆಗೆ ಹೆಸರೂ ಯುರೋಪಿನಲ್ಲಿ ಬೇರೂರಿತು. ಅಲ್ಲಿಂದ ಮಧ್ಯಯುಗದ ಲ್ಯಾಟಿನ್, ಹಳೆಯ ಫ್ರೆಂಚಿನ ‘ಸುಕ್ರೆ’, ಸುಮಾರು 13ನೇ ಶತಮಾನದ ಕೊನೆಗೆ ಇಂಗ್ಲಿಷ್.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ಶರ್ಕರಾ’ದಲ್ಲಿ ಶ, ‘ಶುಗರ್’ನಲ್ಲೂ ಶ, ಇನ್ನೇನು ಪುರಾವೆ ಬೇಕು ಅನ್ನುತ್ತಾರೆ. ಆದರೆ ಆ ಶಕಾರ ಅರಬರ ಹತ್ತಿರವೇ ಸಕಾರವಾಗಿಬಿಟ್ಟಿತ್ತು. ಇಂಗ್ಲಿಷರೂ ಮೊದಲು ಸಕಾರದಿಂದಲೇ ಶುರುಮಾಡಿ ‘ಸ್ಯು’ ಅನ್ನುತ್ತಿದ್ದರು. ಅವರ ನಾಲಿಗೆಯಲ್ಲಿ ಸ, ಯ ಬೆಸೆದು ‘ಶು’ ಆಯಿತು. ‘ಶ್ಯೂರ್’ ಪದಕ್ಕೂ ಹೀಗೇ ಆಗಿದೆ. ಎರಡನ್ನೂ ಇವತ್ತಿಗೂ ಬರೆಯುವುದು ‘ಎಸ್’ ಅಕ್ಷರದಿಂದಲೇ ಅಲ್ಲವೇ? ಅದಕ್ಕೇ ಪದದ ಜಾಡು ಹಿಡಿಯುವಾಗ ತುದಿಗಳ ಹೋಲಿಕೆಯನ್ನು ನಂಬಬಾರದು, ನಡುವಿನ ಒಂದೊಂದು ನಿಲ್ದಾಣದಲ್ಲೂ ಇಳಿದು ನೋಡಬೇಕು.

ಗ್ರೀಕರ ‘ಸಾಖರೊನ್’ ಕೂಡ ಇದೇ ಬಳಗ, 1879ರಲ್ಲಿ ಸಿಕ್ಕ ಕೃತಕ ಸಿಹಿ ‘ಸ್ಯಾಕರಿನ್’ಗೆ ಹೆಸರು ಕೊಟ್ಟದ್ದು ಅದು. ಪಶ್ಚಿಮ ಕರಾವಳಿಯಲ್ಲಿ ಪೋರ್ಚುಗೀಸರ ಕಿವಿಗೆ ಬಿದ್ದು ಇಂಗ್ಲಿಷಿಗೆ ಹೋದ ‘ಜಾಗರಿ’ಯೂ ಶರ್ಕರಾದ ಮೊಮ್ಮಗಳೇ. ಆದರೆ ನಾವು ಅದಕ್ಕೆ ಅನ್ನುವ ‘ಬೆಲ್ಲ’ ಈ ಮನೆಯದಲ್ಲ. ಅದು ತಮಿಳಿನ ‘ವೆಲ್ಲಂ’ ಜೊತೆ ಹುಟ್ಟಿದ ದ್ರಾವಿಡ ಪದ.