ಪದ ಪರಿಚಯ: ಎಂಜಿನ್ ಸ್ಪೀಡ್ ಸೆನ್ಸರ್

ಹಳೆಯ ಟ್ರ್ಯಾಕ್ಟರ್‌ನಲ್ಲಿ ಮೀಟರ್ ಕೇಬಲ್ ಕಟ್ಟಾದರೆ ಮುಳ್ಳು ಮಲಗುತ್ತಿತ್ತು ಅಷ್ಟೇ, ಉಳುಮೆ ನಿಲ್ಲುತ್ತಿರಲಿಲ್ಲ. ಡೀಸೆಲ್ ಅಳೆದು ಕೊಡುವ ಕೆಲಸವನ್ನು ಪಂಪಿನೊಳಗಿನ ಗವರ್ನರ್ ತನ್ನಷ್ಟಕ್ಕೆ ನೋಡಿಕೊಳ್ಳುತ್ತಿತ್ತು. ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೇಲ್ ಎಂಜಿನ್ ಹಾಗಲ್ಲ. 2023ರ ಜನವರಿಯಲ್ಲಿ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದ ಮೇಲೆ ನಮ್ಮಲ್ಲಿ ಇಂಥ ಎಂಜಿನ್‌ಗಳು ಜಾಸ್ತಿಯಾಗಿವೆ. ಇವುಗಳಲ್ಲಿ ಯಾವಾಗ, ಎಷ್ಟು ಡೀಸೆಲ್ ಚಿಮ್ಮಬೇಕು ಎನ್ನುವುದನ್ನು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ತೀರ್ಮಾನಿಸುತ್ತದೆ. ಅದಕ್ಕೆ ಸುತ್ತಿನ ಲೆಕ್ಕ ಒಪ್ಪಿಸುವ ಬೆರಳು ಗಾತ್ರದ ಭಾಗವೇ ಎಂಜಿನ್ ಸ್ಪೀಡ್ ಸೆನ್ಸರ್.

ಫ್ಲೈವೀಲ್ ಅಥವಾ ಕ್ರ್ಯಾಂಕ್ ಪುಲ್ಲಿ ಹತ್ತಿರ, ಹಲ್ಲಿನ ಚಕ್ರವೊಂದಕ್ಕೆ ಎದುರಾಗಿ ಇದನ್ನು ಕೂರಿಸಿರುತ್ತಾರೆ. ಎರಡು ವಯರ್‌ನ ಸೆನ್ಸರ್ ಆದರೆ ಸಾಮಾನ್ಯವಾಗಿ ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಪ್ರತಿ ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಹುಟ್ಟುತ್ತದೆ. ಚಕ್ರಕ್ಕೆ 60 ಹಲ್ಲಿದ್ದರೆ ಲೆಕ್ಕ ಬಹಳ ಸುಲಭ: ಸೆಕೆಂಡಿಗೆ ಎಷ್ಟು ಅಲೆಯೋ, ನಿಮಿಷಕ್ಕೆ ಅಷ್ಟೇ ಸುತ್ತು. ಮೂರು ವಯರ್ ಇದ್ದರೆ ಅದು ಹೆಚ್ಚಾಗಿ ಹಾಲ್ ಸೆನ್ಸರ್, ಅಂದರೆ ಅಯಸ್ಕಾಂತ ಬಲದ ಏರಿಳಿತವನ್ನು ಚಿಪ್‌ನಿಂದ ಗುರುತಿಸುವಂಥದ್ದು. ಅದಕ್ಕೆ ಹೊರಗಿನಿಂದ ಕರೆಂಟ್ ಬೇಕು.

ಇದು ಕೈಕೊಟ್ಟರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಇಲ್ಲವೇ ಮೀಟರ್ ಮುಳ್ಳು ಕುಣಿಯುತ್ತದೆ. ಬಿಸಿಯಾದಾಗ ಆಫ್ ಆಗಿ, ಆರಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವುದೂ ಉಂಟು. ಡೀಸೆಲ್ ಲೈನಿನಲ್ಲಿ ಏರ್ ಹಿಡಿದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ ಅಲ್ವಾ? ಹಾಗಾಗಿ ಮೊದಲು ಸೆಲ್ಫ್ ಹೊಡೆಯುತ್ತಾ, ಇಸಿಯು ಲೆಕ್ಕ ಓದುವ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ (ನಿಮಿಷದ ಸುತ್ತು) ನೋಡಬೇಕು. ಒಂದೇ ಸಮ 200ರ ಆಸುಪಾಸು ತೋರಿಸುತ್ತಿದ್ದರೆ ಈ ಸೆನ್ಸರ್ ಮೇಲಿನ ಅನುಮಾನ ಬಿಟ್ಟು ಡೀಸೆಲ್ ಕಡೆ ಹೋಗಬಹುದು. ಸೊನ್ನೆಯಲ್ಲೇ ನಿಂತರೆ ಹುಡುಕಾಟ ಇಲ್ಲೇ.

ಹಲವು ಯಂತ್ರಗಳು ಆಗ ಎಸ್‌ಪಿಎನ್ 190 ಎಂಬ ಕೋಡ್ ತೋರಿಸುತ್ತವೆ. ಅದನ್ನು ಓದಿದ ಕೂಡಲೇ ಹೊಸ ಸೆನ್ಸರ್ ತರಲು ಓಡುವವರೇ ಜಾಸ್ತಿ. ಕೋಡ್ ಹೇಳುವುದು ಸುತ್ತಿನ ಲೆಕ್ಕ ಸರಿಯಾಗಿ ಬರುತ್ತಿಲ್ಲ ಎಂದಷ್ಟೇ. ತಪ್ಪು ಯಾರದ್ದು ಎಂದಲ್ಲ. ಜತೆಗೆ ಬರುವ, ದೋಷದ ಬಗೆ ಹೇಳುವ ಎಫ್‌ಎಂಐ ಅಂಕಿಯನ್ನೂ ನೋಡಿ. 2 ಎಂದರೆ ಲೆಕ್ಕ ಏರುಪೇರು, 5 ಬಂದರೆ ವಯರ್ ಕಟ್ಟಾಗಿರುವ ಸಾಧ್ಯತೆ.

ಸೆನ್ಸರ್‌ಗೆ ವಯರ್ ಜೋಡಿಸುವ ಕಪ್ಲರ್ ಬಿಚ್ಚಿ ನೀರು, ಹಸಿರು ಪಾಚಿಯಂಥ ತುಕ್ಕು, ಒಳಗೆ ಸರಿದ ಪಿನ್ ಇದೆಯೇ ನೋಡಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಟಾವು ಯಂತ್ರವಾದರೆ ಇಲಿ ಕಡಿದ ವಯರ್ ಹುಡುಕಿ. ಸೆನ್ಸರ್ ಹೊರತೆಗೆದು ತುದಿ ಒರೆಸಿ. ಅಯಸ್ಕಾಂತ ಇರುವುದರಿಂದ ಕಬ್ಬಿಣದ ಪುಡಿ ಅಲ್ಲಿ ಮೆತ್ತಿಕೊಂಡಿರುತ್ತದೆ. ಎಷ್ಟೋ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮಲ್ಟಿಮೀಟರ್ ಹಿಡಿಯಬೇಕು. ಎರಡು ವಯರ್‌ನ ಸುರುಳಿ ಸೆನ್ಸರ್ ಸಾಮಾನ್ಯವಾಗಿ ಕೆಲವು ನೂರರಿಂದ ಒಂದೆರಡು ಸಾವಿರ ಓಮ್ಸ್ ತೋರಿಸುತ್ತದೆ. ಸರಿಯಾದ ಅಂಕಿ ಆ ಎಂಜಿನ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಬಿಸಿಗೆ ಆಫ್ ಆಗುವ ಗಾಡಿಯಾದರೆ ಬಿಸಿ ಇರುವಾಗಲೇ ಅಳೆಯಿರಿ. ಬಿಸಿಗೆ ಬಿಟ್ಟುಕೊಂಡ ಸುರುಳಿಯ ತಂತಿ ತಣ್ಣಗಾದಾಗ ಮತ್ತೆ ಕೂಡಿಕೊಂಡು ದಾರಿ ತಪ್ಪಿಸುತ್ತದೆ. ಆಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಗೇರ್ ನ್ಯೂಟ್ರಲ್ ಮಾಡಿ ಸೆಲ್ಫ್ ಹೊಡೆಯಿರಿ. ವೋಲ್ಟ್ ಏಳಲೇಬೇಕು. ಮೂರು ವಯರ್‌ನದಕ್ಕೆ ಓಮ್ಸ್ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಕೀ ಆನ್ ಮಾಡಿ ಕಪ್ಲರ್‌ಗೆ 5 ಅಥವಾ 12 ವೋಲ್ಟ್ ಬರುತ್ತಿದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ನೋಡಬೇಕು.

ಹೊಸದು ಹಾಕುವಾಗ ಗ್ಯಾಪ್ ಮರೆಯಬೇಡಿ. ತುದಿಗೂ ಹಲ್ಲಿಗೂ ನಡುವೆ ಸಾಮಾನ್ಯವಾಗಿ 1 ಮಿಲಿಮೀಟರ್ ಆಚೀಚೆ ಇರುತ್ತದೆ. ಜಾಸ್ತಿಯಾದರೆ ಅಲೆ ಸೊರಗಿ, ಸೆಲ್ಫ್ ನಿಧಾನಕ್ಕೆ ತಿರುಗುವ ಚಳಿಯ ಬೆಳಗ್ಗೆ ಗಾಡಿ ಹಟ ಹಿಡಿಯುತ್ತದೆ. ಕಡಿಮೆಯಾದರೆ ಹಲ್ಲು ತಾಗಿ ಹೊಸ ಸೆನ್ಸರೇ ಒಡೆಯುತ್ತದೆ.