ಹಿಂಚಕ್ರದ ಒಂಟಿ ತೋಳು: ಬಿಎಂಡಬ್ಲ್ಯು ಆರ್ 80 ಜಿ/ಎಸ್ ಒಳಗಿನ ಎಂಜಿನಿಯರಿಂಗ್

1980ರಲ್ಲಿ ಬಿಎಂಡಬ್ಲ್ಯು ಕಂಪನಿ ಆರ್ 80 ಜಿ/ಎಸ್ ಮೋಟಾರ್‌ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗ, ಕಚ್ಚಾರಸ್ತೆಯ ಸವಾರಿ ಬಲ್ಲವರಲ್ಲಿ ಅನೇಕರು ಅದನ್ನು ನಂಬಲಿಲ್ಲ. ಆ ಕಾಲಕ್ಕೆ ಮಣ್ಣಿನ ದಾರಿಯ ಗಾಡಿಯೆಂದರೆ ಯಮಹಾ ಎಕ್ಸ್‌ಟಿ 500ರಂಥ ಹಗುರವಾದ, ಒಂದೇ ಸಿಲಿಂಡರಿನ, ಚೈನಿನಿಂದ ಓಡುವ ಗಾಡಿ. 1979 ಮತ್ತು 1980ರ, ಸಹಾರಾ ಮರುಭೂಮಿ ದಾಟುವ ಪ್ಯಾರಿಸ್–ಡಕಾರ್ ರ‍್ಯಾಲಿಗಳಲ್ಲಿ ಗೆದ್ದದ್ದೂ ಅದೇ. ಜರ್ಮನಿಯ ಈ ಹೊಸ ಗಾಡಿಗಾದರೋ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಅವಳಿ ಸಿಲಿಂಡರುಗಳು, ಚೈನಿನ ಬದಲು ಶಾಫ್ಟು (ಎಂಜಿನ್ನಿನ ಬಲವನ್ನು ಹಿಂಚಕ್ರಕ್ಕೆ ಸಾಗಿಸುವ ತಿರುಗುವ ದಂಡ), ಸುಮಾರು 186 ಕಿಲೋ ತೂಕ. ಆದರೂ ಮುಂದಿನ ಐದು ವರ್ಷಗಳಲ್ಲಿ ಇದೇ ಮಾದರಿಯನ್ನು ಆಧರಿಸಿದ ಗಾಡಿಗಳು ಡಕಾರ್ ರ‍್ಯಾಲಿಯನ್ನು ನಾಲ್ಕು ಬಾರಿ ಗೆದ್ದವು. ಹಳೆಯ ಮೋಟಾರ್‌ಸೈಕಲ್ಲುಗಳನ್ನು ಬಿಚ್ಚಿ ಜೋಡಿಸುವ ವೃತ್ತಿಯಲ್ಲಿರುವ ನನ್ನ ದೃಷ್ಟಿಯಲ್ಲಿ, ಇದರ ನಿಜವಾದ ಹೊಸತನ ಇರುವುದು ಎಂಜಿನ್ನಿನಲ್ಲಲ್ಲ, ಹಿಂದಿನ ಚಕ್ರವನ್ನು ಹಿಡಿದುಕೊಂಡಿರುವ ತೋಳಿನಲ್ಲಿ.

ಎಂಜಿನ್ ಹಳೆಯದೇ. ಎದುರುಬದುರಾಗಿ ಮಲಗಿದ ಎರಡು ಸಿಲಿಂಡರುಗಳ ಈ ವಿನ್ಯಾಸವನ್ನು ಬಿಎಂಡಬ್ಲ್ಯು 1923ರ ಆರ್ 32 ಗಾಡಿಯಿಂದಲೇ ಬಳಸುತ್ತಿತ್ತು. ಜಿ/ಎಸ್‌ಗೆ ಬಂದದ್ದು 1969ರಲ್ಲಿ ಹೊಸದಾಗಿ ರೂಪುಗೊಂಡ ರಸ್ತೆ ಗಾಡಿಗಳ ಎಂಜಿನ್ನಿನ ಸುಧಾರಿತ ರೂಪ. ಎರಡೂ ಪಿಸ್ಟನ್‌ಗಳು ಒಟ್ಟಿಗೇ ಹೊರಕ್ಕೆ ಹೋಗಿ ಒಟ್ಟಿಗೇ ಒಳಕ್ಕೆ ಬರುವುದರಿಂದ ಒಂದರ ಎಳೆತವನ್ನು ಇನ್ನೊಂದು ಹೆಚ್ಚುಕಡಿಮೆ ಪೂರ್ತಿ ಅಳಿಸಿಹಾಕುತ್ತದೆ. ಸಿಲಿಂಡರುಗಳು ಒಂದೇ ಗೆರೆಯಲ್ಲಿರದೆ ಸ್ವಲ್ಪ ಹಿಂದುಮುಂದಾಗಿರುವ ಕಾರಣ ಸಣ್ಣದೊಂದು ಹೊಯ್ದಾಟ ಮಾತ್ರ ಉಳಿಯುತ್ತದೆ. ಭಾರವೆಲ್ಲ ನೆಲಕ್ಕೆ ಹತ್ತಿರದಲ್ಲಿರುವುದರಿಂದ, ನಿಲ್ಲಿಸಿದಾಗ ಭಾರವೆನಿಸುವ ಗಾಡಿ ನಿಧಾನದ ಓಟದಲ್ಲಿ ಹಗುರವಾಗಿ ತಿರುಗುತ್ತದೆ. ಸಿಲಿಂಡರುಗಳು ನೇರವಾಗಿ ಗಾಳಿಗೆ ಒಡ್ಡಿಕೊಂಡಿರುವುದರಿಂದ ರೇಡಿಯೇಟರ್ ಬೇಕಿಲ್ಲ.

797.5 ಸಿಸಿಯ ಈ ಎಂಜಿನ್ ಕೊಡುತ್ತಿದ್ದುದು 50 ಅಶ್ವಶಕ್ತಿ. ಅಂದಿಗೂ ಅದು ಬೆರಗು ಹುಟ್ಟಿಸುವ ಅಂಕಿಯಾಗಿರಲಿಲ್ಲ, ಆದರೆ ಕಡಿಮೆ ವೇಗದಲ್ಲೇ ಎಳೆಯುವ ಗುಣ ಅದಕ್ಕಿತ್ತು. ಸಿಲಿಂಡರಿನೊಳಗಿನ ಎರಕದ ಕಬ್ಬಿಣದ ಒಳಗೊಳವೆಯನ್ನು ತೆಗೆದುಹಾಕಿ ಅಲ್ಯೂಮಿನಿಯಂ ಮೇಲೇ ನಿಕಲ್–ಸಿಲಿಕಾನ್ ಕಾರ್ಬೈಡ್ ಲೇಪನ ಕೊಟ್ಟದ್ದು ತೂಕ ಇಳಿಸಿತು, ಬಿಸಿಯನ್ನು ಬೇಗ ಹೊರಹಾಕಿತು. ಬಿದ್ದಾಗ ಕಲ್ಲಿಗೆ ಮೊದಲು ತಾಗುವುದು ಸಿಲಿಂಡರ್ ಹೆಡ್ಡೇ ಎಂಬ ಆಕ್ಷೇಪ ನಿಜ. ಆ ದೌರ್ಬಲ್ಯ ಈ ವಿನ್ಯಾಸದೊಂದಿಗೆ ಕೊನೆಯವರೆಗೂ ಉಳಿಯಿತು.

ಈಗ ತೋಳಿನ ವಿಷಯ. ಸಾಮಾನ್ಯ ಗಾಡಿಗಳಲ್ಲಿ ಹಿಂದಿನ ಚಕ್ರ ಎರಡು ಕೈಗಳ ನಡುವೆ ಇರುತ್ತದೆ. ಮಾನೋಲಿವರ್ ಎಂದು ಹೆಸರಿಟ್ಟ ಇಲ್ಲಿಯ ವ್ಯವಸ್ಥೆಯಲ್ಲಿ ಬಲಗಡೆಯ ಒಂದೇ ದಪ್ಪ ಕೊಳವೆ ಉಂಟು, ಶಾಫ್ಟು ಅದರೊಳಗೇ ತಿರುಗುತ್ತದೆ, ಒಂದೇ ಶಾಕ್ ಅಬ್ಸಾರ್ಬರ್ ಅದಕ್ಕೇ ಜೋಡಣೆಯಾಗಿದೆ. ಶಾಫ್ಟಿಗೆ ಹೇಗೂ ಗಟ್ಟಿಯಾದ ಕವಚ ಬೇಕು. ಆ ಕವಚವೇ ಚಕ್ರದ ಭಾರವನ್ನೂ ಹೊರಲಿ ಎಂದು ವಿನ್ಯಾಸಕಾರರು ತೀರ್ಮಾನಿಸಿದ್ದರಿಂದ ಎಡಗಡೆಯ ಕೈ ಅನಗತ್ಯವಾಯಿತು. ತೂಕ ಇಳಿದರೂ ತಿರುಚುವಿಕೆಯನ್ನು ತಡೆಯುವ ಬಿಗಿ ಹೆಚ್ಚಿತು. ಪಂಕ್ಚರ್ ಆದಾಗ ಇದರ ಬೆಲೆ ತಿಳಿಯುತ್ತದೆ: ಕಾರಿನ ಚಕ್ರದಂತೆ ಮೂರು ಬೋಲ್ಟುಗಳನ್ನು ಬಿಚ್ಚಿದರೆ ಚಕ್ರ ಪಕ್ಕಕ್ಕೆ ಜಾರಿ ಕೈಗೆ ಬರುತ್ತದೆ, ಚೈನು ಕಳಚುವ, ಆಕ್ಸಲ್ ಎಳೆಯುವ, ಚಕ್ರದ ಸಾಲು ಮತ್ತೆ ಹೊಂದಿಸುವ ಕೆಲಸವಿಲ್ಲ. ಮರಳಿನಲ್ಲಿ ಚೈನು ಎಷ್ಟು ಬೇಗ ಸವೆಯುತ್ತದೆಂದು ಕಂಡವರು, ಎಣ್ಣೆಯಲ್ಲಿ ಮುಳುಗಿ ಮುಚ್ಚಿದ ಕೊಳವೆಯಲ್ಲಿ ತಿರುಗುವ ಶಾಫ್ಟನ್ನು ಕಡೆಗಣಿಸಲಾರರು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಶಾಫ್ಟಿನ ತುದಿಯ ಗೇರ್ ಪೆಟ್ಟಿಗೆ ತೋಳಿಗೆ ಬಿಗಿಯಾಗಿ ಸೇರಿಕೊಂಡಿರುವುದರಿಂದ, ಚಕ್ರವನ್ನು ಮುಂದಕ್ಕೆ ತಿರುಗಿಸುವ ಬಲದ ಪ್ರತಿಬಲ ಆ ಪೆಟ್ಟಿಗೆಯನ್ನು ಹಿಮ್ಮುಖವಾಗಿ ತಿರುಗಿಸಲು ಹವಣಿಸುತ್ತದೆ, ತೋಳಿನ ಮುಂತುದಿ ಮೇಲಕ್ಕೆ ಒತ್ತಲ್ಪಡುತ್ತದೆ. ಪರಿಣಾಮವಾಗಿ ಆಕ್ಸಿಲರೇಟರ್ ತಿರುವಿದಾಗ ಗಾಡಿಯ ಹಿಂಭಾಗ ಏಳುತ್ತದೆ, ತಟ್ಟನೆ ಬಿಟ್ಟಾಗ ಕುಸಿಯುತ್ತದೆ. ತಿರುವಿನ ಮಧ್ಯದಲ್ಲಿ ಹೆದರಿ ಕೈ ಸಡಿಲಿಸುವ ಸವಾರನಿಗೆ ಇದು ಅಪಾಯಕಾರಿ. 1987ರಲ್ಲಿ ಬಂದ ಪ್ಯಾರಾಲಿವರ್ ಮಾದರಿ, ಶಾಫ್ಟಿಗೆ ಇನ್ನೊಂದು ಕೀಲನ್ನೂ ಕೆಳಗೊಂದು ಆಧಾರದ ಸರಳನ್ನೂ ಸೇರಿಸಿ, ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಿತು.

ಡಕಾರ್‌ನಲ್ಲಿ ಹ್ಯೂಬರ್ಟ್ ಓರಿಯೋಲ್ 1981 ಮತ್ತು 1983ರಲ್ಲಿ, ಬೆಲ್ಜಿಯಂನ ಗ್ಯಾಸ್ಟನ್ ರಾಹಿಯೆ 1984 ಮತ್ತು 1985ರಲ್ಲಿ ಗೆದ್ದರು. ರಾಹಿಯೆ ಅವರದು ಗಿಡ್ಡ ಆಕೃತಿ. ಅಷ್ಟು ಎತ್ತರದ ಗಾಡಿಯನ್ನು ಅವರು ಪಳಗಿಸಿದ್ದು ಇಂದಿಗೂ ನನಗೆ ಅಚ್ಚರಿಯ ಸಂಗತಿ. ಸ್ಪರ್ಧೆಯ ಗಾಡಿಗಳು ಅಂಗಡಿಯ ಗಾಡಿಗಿಂತ ಬಹಳ ಬದಲಾಗಿದ್ದವು ಎಂಬುದನ್ನು ಮರೆಯಬಾರದು, ಆದರೆ ಎಂಜಿನ್ನಿನ ಮೂಲ ವಿನ್ಯಾಸ ಅದೇ.

ಇಂಥ ಗಾಡಿಯನ್ನು ಇಟ್ಟುಕೊಂಡವರಿಗೆ, ಕೊಳ್ಳಬೇಕೆಂದಿರುವವರಿಗೆ ಕೆಲವು ಮಾತು. ಎಂಜಿನ್, ಗೇರ್‌ಬಾಕ್ಸ್, ಶಾಫ್ಟಿನ ಕೊಳವೆ, ಹಿಂದಿನ ಗೇರ್ ಪೆಟ್ಟಿಗೆ, ಈ ನಾಲ್ಕಕ್ಕೂ ಪ್ರತ್ಯೇಕ ಆಯಿಲ್. ಶಾಫ್ಟಿನ ಕೊಳವೆಯದು ಹೆಚ್ಚಾಗಿ ಮರೆತುಹೋಗುತ್ತದೆ. ಕ್ಲಚ್ ಪ್ಲೇಟು ಕೂರುವ ಗೇರ್‌ಬಾಕ್ಸ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಲು ಗೇರ್‌ಬಾಕ್ಸನ್ನೇ ಹಿಂದಕ್ಕೆ ಸರಿಸಬೇಕು, ಆ ಶ್ರಮಕ್ಕೆ ಹಿಂಜರಿದು ಮುಂದೂಡಿದರೆ ಹಲ್ಲುಗಳು ಸವೆಯುತ್ತವೆ.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವುಗಳ ಸಂದು ಹೊಂದಿಸುವ ಕೆಲಸ, ಮಾತ್ರ ಸುಲಭ. ಎಂಜಿನ್ ಪೂರ್ತಿ ತಣ್ಣಗಿರುವಾಗ ಸಿಲಿಂಡರ್ ಹೆಡ್ಡಿನ ಮುಚ್ಚಳ ತೆಗೆದು, ಎಂಜಿನ್ ಪಕ್ಕದ ರಂಧ್ರದಲ್ಲಿ ‘ಓಟಿ’ ಗುರುತು (ಪಿಸ್ಟನ್ ತನ್ನ ಹೊರತುದಿ ಮುಟ್ಟಿದೆ ಎಂದು ಸೂಚಿಸುವುದು) ಕಾಣುವವರೆಗೆ ತಿರುಗಿಸಿ, ಆ ಬದಿಯ ಎರಡೂ ವಾಲ್ವುಗಳು ಮುಚ್ಚಿವೆಯೆಂದು ಖಚಿತಪಡಿಸಿಕೊಂಡು, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಇನ್‌ಲೆಟ್‌ಗೆ 0.10 ಮಿ.ಮೀ., ಎಕ್ಸಾಸ್ಟ್‌ಗೆ 0.20 ಮಿ.ಮೀ. ಸಂದು ಇಡಬೇಕು. ಪ್ರತಿ ಸಲದ ಅಳತೆಯನ್ನೂ ಬರೆದಿಡಿ. ಎಕ್ಸಾಸ್ಟ್ ಕಡೆಯ ಸಂದು ಸಲಸಲಕ್ಕೂ ಕಡಿಮೆಯಾಗುತ್ತಿದ್ದರೆ ವಾಲ್ವು ತನ್ನ ಸೀಟಿನೊಳಕ್ಕೆ ಇಳಿಯುತ್ತಿದೆ ಎಂದರ್ಥ; ಈ ಮಾದರಿಯ ಆರಂಭದ ವರ್ಷಗಳ ಎಂಜಿನ್‌ಗಳಲ್ಲಿ ಇದು ಗೊತ್ತಿರುವ ರೋಗ. ಆಗ ಮತ್ತೆ ಮತ್ತೆ ಸಡಿಲಿಸುತ್ತಾ ಹೋಗದೆ, ಹೆಡ್ಡನ್ನು ಬಿಚ್ಚಿ ಹೊಸ ಸೀಟುಗಳನ್ನು ಹಾಕಿಸಬೇಕು.